ಎರಡು ಗಂಟು ಹಾಕಿದ ಚೀಲ

ಬೆಳಿಗ್ಗೆ ಆರೂವರೆಗೆ ದೊಡ್ಡ ಮೋರಿಯ ಆಚೆಯಿಂದ ಗಾಜು ಸುರಿಯುವ ಸದ್ದು ಬರುತ್ತದೆ. ಮೊದಲು ಒಂದೆರಡು ಬಾಟಲಿ ಉರುಳಿದ ಹಾಗೆ, ಆಮೇಲೆ ಒಂದು ಗೋಡೆಯೇ ಕುಸಿದ ಹಾಗೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಬೆಚ್ಚಿಬಿದ್ದು ಎದ್ದು ಕೂರುತ್ತಾರೆ. ಹಳಬರಿಗೆ ಅದೇ ಗಡಿಯಾರ. ಕಸ ಬೇರ್ಪಡಿಸುವ ಶೆಡ್ಡಿನ ಬಾಗಿಲು ತೆರೆಯಿತು, ಹೆಂಗಸರು ಒಳಗೆ ಹೋದರು, ನಿನ್ನೆಯ ಗಾಜಿನ ಡ್ರಮ್ಮನ್ನು ಖಾಲಿ ಮಾಡಿದರು ಎಂದು ಅದರ ಅರ್ಥ. ಬೀದಿಯ ನಡುವಿನ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು ಆ ಸದ್ದು ಕೇಳಿದಾಗ ತುಳಿಯುತ್ತಿದ್ದ ಕಾಲನ್ನು ನಿಲ್ಲಿಸುತ್ತಾಳೆ. ಸದ್ದು ಅಡಗಿದ ಮೇಲೆ ಮತ್ತೆ ತುಳಿಯುತ್ತಾಳೆ. ಆ ಶೆಡ್ಡಿನಲ್ಲಿ ಅವಳ ತಂಗಿ ಇದ್ದಾಳೆ.

ಹೊಲಿಯುವ ಈ ಅಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಬಾಡಿಗೆ ಕರಾರಿನಲ್ಲಿ ಬಿಟ್ಟರೆ ಅದು ಈಗ ಎಲ್ಲೂ ಬಳಕೆಯಲ್ಲಿಲ್ಲ. ಬೀದಿಗೆಲ್ಲ ಅವಳು ಗಂಟಕ್ಕ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಶಾಲೆಯ ಮಕ್ಕಳ ಲಂಗದ ಮಡಿಕೆ ಬಿಚ್ಚಿ ಇನ್ನೊಂದು ವರ್ಷಕ್ಕೆ ಆಗುವಂತೆ ಮಾಡಿಕೊಡುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಯಂತ್ರ, ಒಂದು ಮರದ ಮೇಜು, ಗೋಡೆಗೆ ಒರಗಿಸಿಟ್ಟ ಆಳೆತ್ತರದ ಕನ್ನಡಿ. ಕನ್ನಡಿಯ ಕೆಳಗಡೆ ಉಗುರು ಬಣ್ಣದಲ್ಲಿ ಎಳೆದ ಒಂದು ಕೆಂಪು ಗೆರೆ. ಪ್ಯಾಂಟಿನ ಅಂಚು ಎರಡು ಕಾಲಿಗೂ ಒಂದೇ ಮಟ್ಟದಲ್ಲಿದೆಯೇ ಎಂದು ನೋಡಲು ಅವಳೇ ಮಾಡಿಕೊಂಡ ಗುರುತು ಅದು. ಮೇಜಿನ ಕೆಳಗೆ ಒಂದು ದೊಡ್ಡ ಡಬ್ಬದ ತುಂಬ ಕತ್ತರಿಸಿ ಉಳಿದ ತುಂಡು ಬಟ್ಟೆ. ಅವಳಿಗೆ ಆ ಅಡ್ಡಹೆಸರು ಬಂದದ್ದು ಈ ಡಬ್ಬದಿಂದ.

ನಾಲ್ಕು ವರ್ಷದ ಹಿಂದೆ ತಂಗಿಯ ಎಡಗೈ ಸೀಳಿತು. ಈರುಳ್ಳಿ ಸಿಪ್ಪೆ, ಹಸಿ ಟೀ ಪುಡಿ, ಒದ್ದೆ ಕಾಗದ ಎಲ್ಲ ಒಟ್ಟಿಗೆ ತುರುಕಿದ ಒಂದು ಚೀಲ, ಅದರ ನಡುವೆ ಒಡೆದ ಗಾಜಿನ ಲೋಟ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಕಳಿಸಿದರು. ಗಂಟಕ್ಕ ಪಟ್ಟಿ ಬಿಚ್ಚಿ ನೋಡಿದಳು. “ಇಷ್ಟು ದೂರ ದೂರ ಹಾಕಿದ್ದಾರಲ್ಲೇ. ನಾನು ದಿಂಬಿಗೂ ಹೀಗೆ ಹೊಲಿಯಲ್ಲ,” ಎಂದಳು. ಹೇಳಿ, ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಗಾಯ ಒಣಗಿತು. ಕಿರುಬೆರಳು, ಉಂಗುರದ ಬೆರಳು ಮಾತ್ರ ಮಡಚುವುದನ್ನು ಮರೆತವು. ಅದು ಯಾವ ಮನೆಯ ಲೋಟ ಎಂದು ಕೊನೆಗೂ ಗೊತ್ತಾಗಲಿಲ್ಲ. ಆ ಮನೆಯವರು ಅದನ್ನು ಬಿಸಾಡಿದ ಮರುಕ್ಷಣವೇ ಮರೆತಿರುತ್ತಾರೆ. ಅಂಥ ಮರೆವು ಕೆಲವರಿಗೆ ಮಾತ್ರ ಸಿಗುವ ಸೌಕರ್ಯ.

ಗಾಯ ಒಣಗಿದ ಮೇಲಿನ ಸೋಮವಾರ ಗಂಟಕ್ಕ ತಂಗಿಯನ್ನು ಜತೆಗೆ ಕರೆದುಕೊಂಡು, ತುಂಡು ಬಟ್ಟೆಯ ಡಬ್ಬವನ್ನು ಸೊಂಟದ ಮೇಲೆ ಇಟ್ಟುಕೊಂಡು ಬೀದಿಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ನಡೆದಳು. ಹೇಳಿದ್ದು ಇಷ್ಟೇ. ಒಡೆದ ಗಾಜು, ಬ್ಲೇಡು, ತಗಡಿನ ಮುಚ್ಚಳ, ಸೂಜಿ, ಇವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಎರಡು ಗಂಟು ಹಾಕಿ. ಮಿಕ್ಕಿದ್ದಕ್ಕೆ ಒಂದೇ ಗಂಟು. ಹಸಿ ಕಸ, ಒಣ ಕಸ ಬೇರೆ ಬೇರೆ ಇರಲಿ. ಶೆಡ್ಡಿನಲ್ಲಿ ಕಸ ಸಾಗಿಸುವ ಬೆಲ್ಟು ಓಡುತ್ತಿರುತ್ತದೆ, ಅಲ್ಲಿ ಕಣ್ಣಿಗಿಂತ ಕೈ ಮುಂದೆ ಹೋಗುತ್ತದೆ. ಗಂಟು ಕೈಗೆ ತಿಳಿಯಬೇಕು.

ಮೂಲೆಮನೆ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದಳು. “ನನಗೇ ಉಡೋಕೆ ನೆಟ್ಟಗೆ ಬಟ್ಟೆ ಇಲ್ಲ. ಕಸಕ್ಕೆ ಬಟ್ಟೆ ಉಡಿಸಬೇಕೇನೇ?”

“ಕಸಕ್ಕಲ್ಲ ಅಜ್ಜಿ, ಕೈಗೆ.”

“ಯಾರ ಕೈಗೆ?”

ಗಂಟಕ್ಕ ಹಿಂದೆ ನಿಂತಿದ್ದ ತಂಗಿಯ ಕೈಯನ್ನು ಹಿಡಿದು ಮುಂದೆ ಚಾಚಿದಳು. ಅಜ್ಜಿ ಕನ್ನಡಕ ಹುಡುಕಿ ತಂದು, ಹಾಕಿಕೊಂಡು, ಆ ಎರಡು ಬೆರಳನ್ನು ನೋಡಿದಳು. ಡಬ್ಬಕ್ಕೆ ಕೈ ಹಾಕಿ ಇದ್ದುದರಲ್ಲಿ ಒಳ್ಳೆಯ ತುಂಡುಗಳನ್ನೇ ಆರಿಸಿಕೊಂಡಳು.

ಆದರೆ ಆಕೆಯ ಮನೆಯಿಂದ ಮೊದಲ ತಿಂಗಳು ಬಂದದ್ದಕ್ಕೆಲ್ಲ ಎರಡು ಗಂಟು. ಶೆಡ್ಡಿನ ಹೆಂಗಸರು ಉಸಿರು ಬಿಗಿಹಿಡಿದು ಬಿಚ್ಚಿದರೆ ಒಳಗೆ ಕಿತ್ತಳೆ ಸಿಪ್ಪೆ, ಹರಿದ ಕಾಲುಚೀಲ.

“ಅಜ್ಜೀ, ಸಿಪ್ಪೆ ಚುಚ್ಚಲ್ಲ. ಒಂದೇ ಗಂಟು ಸಾಕು,” ಎಂದು ತಂಗಿ ಬಂದು ಹೇಳಬೇಕಾಯಿತು.

“ಯಾಕೆ, ನನ್ನ ಕಸಕ್ಕೆ ಮರ್ಯಾದೆ ಕಮ್ಮಿಯಾ?”

“ನಿಮ್ಮ ಮರ್ಯಾದೆ ಬಿಚ್ಚೋದ್ರೊಳಗೆ ನಮ್ಮ ಬೆಲ್ಟು ಮುಂದೆ ಹೋಗಿರುತ್ತೆ ಅಜ್ಜಿ.”

ಅಜ್ಜಿ ನಕ್ಕಳು. ಅಲ್ಲಿಂದ ಮುಂದೆ ತಪ್ಪಲಿಲ್ಲ. ಬೀದಿಯಲ್ಲಿ ಯಾರೂ ತಪ್ಪಲಿಲ್ಲ. ನಾಲ್ಕು ವರ್ಷ ಈ ಬೀದಿಯ ಕಸದಿಂದ ಶೆಡ್ಡಿನಲ್ಲಿ ಒಂದು ಹನಿ ರಕ್ತ ಬೀಳಲಿಲ್ಲ.

ಇದು ಹೇಗಾಯಿತು ಎಂದು ಯಾರಾದರೂ ಬಂದು ಕಣ್ಣಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಈ ಬೀದಿಯಲ್ಲಿ ಎರಡು ಮನೆ ದಾಟಿದರೆ ಮೂರನೆಯ ಮನೆಯಿಂದ ಒಬ್ಬಳು ಶೆಡ್ಡಿಗೆ ಹೋಗುತ್ತಾಳೆ. ಅಮ್ಮನೋ, ಅತ್ತಿಗೆಯೋ, ನಾದಿನಿಯೋ. ರಾತ್ರಿ ಒಂದೇ ಒಲೆಯ ಮುಂದೆ ಕೂತು ಉಣ್ಣುವ ಕೈ ಅದು. ಬೆಳಿಗ್ಗೆ ತಾನು ಎಸೆದದ್ದು ಮಧ್ಯಾಹ್ನ ಯಾರ ಬೆರಳಿಗೆ ತಗಲುತ್ತದೆ ಎಂದು ಗೊತ್ತಿರುವವರು ಎಸೆಯುವ ಮುಂಚೆ ಒಂದು ಸಲ ನಿಲ್ಲುತ್ತಾರೆ. ಗೋಡೆಯ ಮೇಲೆ ನಗುವ ಭೂಮಿಯ ಚಿತ್ರ ಅಂಟಿಸಿದ್ದಕ್ಕೆ ಯಾರೂ ನಿಲ್ಲಲಿಲ್ಲ.

ಆದರೆ ಕೇಳಲು ಬಂದವರ ಬಳಿ ಉತ್ತರ ಮೊದಲೇ ಅಚ್ಚಾಗಿತ್ತು. ಕಸ ಇಲಾಖೆಯ ಕಚೇರಿಯಿಂದ ಬಂದ ಅಧಿಕಾರಿಗೆ ಬೀದಿಯವರು ಆ ದಿನವೇ ಫಾರಂ ಸಾಹೇಬರು ಎಂದು ಹೆಸರಿಟ್ಟರು. ಇಸ್ತ್ರಿ ಮುರಿಯದ ಅಂಗಿ, ಕಂಕುಳಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಫಾರಂಗಳ ಕಟ್ಟು. ಗಂಟಕ್ಕನ ಮೇಜಿನ ಪಕ್ಕ ನಿಂತು ಓದಿದರು.

“ಕಸ ಬೇರ್ಪಡಿಸಲು ನಿಮಗೆ ಪ್ರೇರಣೆ ಏನಮ್ಮ? ಬಹುಮಾನ, ತೆರಿಗೆ ರಿಯಾಯಿತಿ, ದಂಡದ ಭಯ, ಪರಿಸರ ಕಾಳಜಿ. ಇದರಲ್ಲಿ ಒಂದು ಹೇಳಿ.”

“ಇದ್ರಲ್ಲಿ ನಮ್ಮದಿಲ್ಲ ಸಾರ್.”

“ಹಾಗಾದ್ರೆ ‘ಇತರೆ’ ಅಂತ ಹಾಕ್ಕೋತೀನಿ.”

“ಇತರೆ ಅಂದ್ರೆ?”

“ಅಂದ್ರೆ... ಇದರಲ್ಲಿ ಸೇರದೆ ಇರೋದು. ಸಣ್ಣ ಪುಟ್ಟದ್ದು.”

“ನನ್ನ ತಂಗಿ ಕೈ ಸಣ್ಣ ಪುಟ್ಟದ್ದಾ ಸಾರ್?”

ಸಾಹೇಬರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಅವರು ಬಂದಿರಲೂ ಇಲ್ಲ. ಗುರುತು ಹಾಕಿ ಪಕ್ಕದ ಮನೆಗೆ ಹೋದರು.

ಎರಡು ತಿಂಗಳ ಮೇಲೆ ಅತ್ಯುತ್ತಮ ಬೀದಿ ಎಂದು ಬಹುಮಾನ ಬಂತು. ಚಪ್ಪಾಳೆ ತಟ್ಟಿಸಿ ಮನೆಮನೆಗೆ ಹಸಿರು ಚೀಲ ಹಂಚಿದರು. ಪ್ರತಿ ಚೀಲದ ಮೇಲೂ ಹಲ್ಲು ಕಿರಿದು ನಗುವ ಒಂದು ಎಲೆ. ಜತೆಗೆ ನಿಯಮದ ಕಾಗದ. ಇನ್ನು ಮುಂದೆ ಲಾರಿ ಈ ಚೀಲವನ್ನು ಮಾತ್ರ ಒಯ್ಯುತ್ತದೆ. ಚೀಲದೊಳಗೆ ಬಟ್ಟೆಯ ಗಂಟು ಇರಕೂಡದು, ಬಟ್ಟೆ ಸುತ್ತಿದರೆ ಒಳಗೆ ಏನಿದೆ ಎಂದು ತಪಾಸಣೆಯವರಿಗೆ ಕಾಣುವುದಿಲ್ಲ.

ಚೀಲದ ಬಾಯಿಗೆ ನೈಲಾನ್ ದಾರ. ನುಣುಪು. ಒಂದು ಗಂಟು ಹಾಕಿದರೆ ಮನೆಯ ಮೆಟ್ಟಿಲಿಂದ ಬೀದಿಗೆ ಬರುವುದರೊಳಗೆ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಲಾರಿಯವನು ಅಂಥ ಚೀಲಗಳನ್ನು ಹಾಗೇ ಬಿಟ್ಟು, “ಗಟ್ಟಿಯಾಗಿ ಎರಡು ಗಂಟು ಹಾಕ್ರಮ್ಮ! ಲಾರಿಯೆಲ್ಲ ಚೆಲ್ಲುತ್ತೆ!” ಎಂದು ಕೂಗಿ ಹೊರಟ. ಮರುದಿನದಿಂದ ಬೀದಿಯ ಪ್ರತಿ ಚೀಲಕ್ಕೂ ಎರಡು ಗಂಟು. ಸಿಪ್ಪೆಗೂ ಎರಡು, ಕಾಗದಕ್ಕೂ ಎರಡು, ಬ್ಲೇಡಿಗೂ ಎರಡು.

ಶೆಡ್ಡಿನಲ್ಲಿ ಮೊದಲ ವಾರ ಹೆಂಗಸರು ಪ್ರತಿ ಚೀಲವನ್ನೂ ಹೆದರಿ ಹೆದರಿ ಬಿಚ್ಚಿದರು. ಬೆಲ್ಟಿನ ಮೇಲೆ ರಾಶಿ ಬಿತ್ತು. ಮೇಸ್ತ್ರಿ ಬೈದ. ಎರಡನೆಯ ವಾರದ ಹೊತ್ತಿಗೆ ಅವರ ಕೈ ಗಂಟನ್ನು ಓದುವುದನ್ನೇ ಬಿಟ್ಟಿತು.

ಅದನ್ನು ಮನೆಗೆ ಬಂದು ಹೇಳಬೇಕೆಂದು ಅವರಿಗೆ ತೋಚಲಿಲ್ಲ, ಬೀದಿಗೆ ತಿಳಿಯಲಿಲ್ಲ. ಎಲ್ಲರಿಗಿಂತ ಮೊದಲು ತಿಳಿಯಬೇಕಾದ ಗಂಟಕ್ಕನಿಗೂ ಹೊಳೆಯಲಿಲ್ಲ. ಮೂರನೆಯ ವಾರದ ಮಂಗಳವಾರ ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿ ಗರ್ರನೆ ತಿರುಗಿದ ರಭಸಕ್ಕೆ ಅವನ ಹೆಗಲ ಚೀಲ ಬಡಿದು ಕನ್ನಡಿ ನೆಲಕ್ಕೆ ಬಿತ್ತು. ಅವಳು ಚೂರುಗಳನ್ನು ಗುಡಿಸಿದಳು. ಅಭ್ಯಾಸದಂತೆ ಡಬ್ಬದಿಂದ ದಪ್ಪನೆಯ ಜೀನ್ಸ್ ತುಂಡನ್ನು ಎತ್ತಿಕೊಂಡಳು. ಹಿಂದಿನ ದಿನ ತಾನೇ ಬಟ್ಟೆಯ ಗಂಟು ಸಿಕ್ಕಿತೆಂದು ಲಾರಿಯವನು ಮೂಲೆಮನೆ ಅಜ್ಜಿಯ ಚೀಲವನ್ನು ಎಲ್ಲರೆದುರು ವಾಪಸು ಎಸೆದಿದ್ದ. ಅವಳು ತುಂಡನ್ನು ಮತ್ತೆ ಡಬ್ಬಕ್ಕೆ ಹಾಕಿದಳು. ಚೂರುಗಳನ್ನು ನಾಲ್ಕು ಸುತ್ತು ಹಳೆಯ ಕಾಗದದಲ್ಲಿ ಸುತ್ತಿ, ಹಸಿರು ಚೀಲಕ್ಕೆ ಇಳಿಸಿ, ಎರಡು ಗಂಟು ಬಿಗಿದಳು. ಎರಡು ಗಂಟಿದೆಯಲ್ಲ, ತಂಗಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಎರಡು ಗಂಟಿಗೆ ಅರ್ಥವೇ ಇಲ್ಲದ ಬೇರೆ ಯಾವ ಬೀದಿಯ ಹೆಂಗಸೂ ಹಾಗೆ ನಂಬಿ ಕೂರುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ, ಹೊತ್ತಲ್ಲದ ಹೊತ್ತಿನಲ್ಲಿ ತಂಗಿ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಮೇಜಿನ ಮೇಲೆ ಏನನ್ನೋ ಇಟ್ಟಳು. ಅಂಗೈ ಅಗಲದ ಕನ್ನಡಿ ಚೂರು. ಅದರ ಮೇಲೆ ಕೆಂಪು ಗೆರೆ.

“ಅಕ್ಕಾ, ಇದು ನಮ್ಮನೇದಲ್ವಾ?”

ಗಂಟಕ್ಕನ ದೃಷ್ಟಿ ಮೊದಲು ಹೋದದ್ದು ತಂಗಿಯ ಕೈಗಳ ಮೇಲೆ. ಬಲಗೈ, ಎಡಗೈ. ಎರಡೂ ಸರಿಯಿದ್ದವು. “ಯಾರಿಗೆ?” ಎಂದಳು.

“ದೊಡ್ಡಮ್ಮಂಗೆ.”

ದೊಡ್ಡಮ್ಮ ಎಂದರೆ ಶೆಡ್ಡಿನ ಹಿರಿಯಳು. ಬೆಲ್ಟಿನ ಮೊದಲ ಜಾಗದಲ್ಲಿ ನಿಂತು ಚೀಲ ಬಿಚ್ಚುವವಳು. ಮಿಕ್ಕವರ ಕೈಗೆ ಬರುವುದೆಲ್ಲ ಅವಳ ಕೈ ದಾಟಿಯೇ ಬರಬೇಕು.

“ಎರಡು ಗಂಟು ಹಾಕಿದ್ನಲ್ಲೇ!”

“ಎಲ್ಲದಕ್ಕೂ ಎರಡು ಗಂಟಿದೆ ಅಕ್ಕಾ. ನಾವು ನೋಡೋದೇ ಬಿಟ್ಟಿದ್ದೀವಿ.”

ಗಂಟಕ್ಕ ಚೂರನ್ನು ಬೋರಲು ಹಾಕಿದಳು. ತಂಗಿ ನೀರು ಕುಡಿದು, ಬಾಗಿಲ ಕಡೆ ಮುಖ ಮಾಡಿಕೊಂಡು ಹೇಳಿದಳು. “ನಾಳೆ, ನಾಡಿದ್ದು ಬೆಲ್ಟಿನ ರಬ್ಬರ್ ಬದಲಾಯಿಸ್ತಾರೆ, ಕೆಲಸ ಇಲ್ಲ. ಶನಿವಾರದಿಂದ ದೊಡ್ಡಮ್ಮನ ಜಾಗದಲ್ಲಿ ನಾನು ನಿಲ್ಲಬೇಕಂತೆ.”

“ಆಗಲ್ಲ ಅನ್ನು.”

“ಆಗಲ್ಲ ಅಂದ್ರೆ ಬೇರೆ ಕಡೆ ಕೆಲಸ ನೋಡ್ಕೋ ಅಂತಾರೆ. ಈ ಕೈ ತೋರಿಸಿದ್ರೆ ಯಾರು ಕೊಡ್ತಾರೆ?”

ಆ ಸಂಜೆ ಗಂಟಕ್ಕ ದೊಡ್ಡಮ್ಮನ ಮನೆಗೆ ಹೋದಳು. ಒಂದೇ ಕೋಣೆ, ಒಂದೇ ಮಂಚ. ಮಂಚದ ಮೇಲೆ ದಿಂಬಿನ ಮೇಲಿಟ್ಟ, ಬಿಳಿ ಪಟ್ಟಿ ಸುತ್ತಿದ ಬಲಗೈ.

“ಆ ಕನ್ನಡಿ ನಂದು ದೊಡ್ಡಮ್ಮಾ.”

ದೊಡ್ಡಮ್ಮ ಮಂಚದ ಅಂಚಿಗೆ ಸರಿದು ಅವಳಿಗೆ ಜಾಗ ಮಾಡಿದಳು. “ನಿಂದಾ? ಹಾಗಾದ್ರೆ ಯಾರೋ ಬೇಕೂಂತ ಹಾಕಿದ್ದಲ್ಲ ಬಿಡು,” ಎಂದಳು. ಗಂಟಕ್ಕ ಮುಖ ಆಚೆ ತಿರುಗಿಸಿದ್ದನ್ನು ಕಂಡು, “ಅಳಬೇಡ ಮಾರಾಯ್ತಿ. ಅತ್ತರೆ ಸಮಾಧಾನ ಮಾಡೋಕೆ ಕೈ ಬೇಕು. ನನ್ನ ಹತ್ರ ಇರೋದು ಒಂದೇ,” ಎಂದಳು.

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಮನೆಗೆ ಬರುವ ದಾರಿಯಲ್ಲಿ ಗಂಟಕ್ಕನಿಗೆ ಮೊದಲು ತನ್ನ ಮೇಲೆ ಸಿಟ್ಟು ಬಂತು. ಮೋರಿಯ ಸೇತುವೆ ದಾಟಿ ಬೀದಿಗೆ ಕಾಲಿಟ್ಟಾಗ ಗೋಡೆಯ ಮೇಲೆ ಹೊಸ ನೋಟೀಸು ಕಂಡಿತು. ಆಗ ಆ ಸಿಟ್ಟು ತನ್ನ ಸರಿಯಾದ ವಿಳಾಸ ಹಿಡಿಯಿತು. ‘ನಿವಾಸಿಗಳ ಅಜಾಗರೂಕತೆ ಹಾಗೂ ಅರಿವಿನ ಕೊರತೆಯಿಂದ ಸಿಬ್ಬಂದಿಗೆ ಗಾಯವಾಗಿರುತ್ತದೆ. ಶುಕ್ರವಾರ ಸಂಜೆ ಐದಕ್ಕೆ ನೀರಿನ ಟ್ಯಾಂಕಿನ ಬಳಿ ಜಾಗೃತಿ ಸಭೆ.’

ಅರಿವಿನ ಕೊರತೆ! ನಾಲ್ಕು ವರ್ಷ ಒಂದು ಬೀದಿ ತನ್ನ ಕೈಯಾರೆ ಕಟ್ಟಿಕೊಂಡ ಅರಿವನ್ನು ಹಲ್ಲು ಕಿರಿಯುವ ಎಲೆಯ ಚೀಲ ಕೊಟ್ಟು ಕಸಿದುಕೊಂಡವರು, ಅದೇ ಬೀದಿಯ ಗೋಡೆಯ ಮೇಲೆ ಹೀಗೆ ಬರೆದಿದ್ದರು. ಬರೆದವರಿಗೆ ಎರಡು ಗಂಟಿನ ಅರ್ಥ ತಿಳಿಯದು. ತಿಳಿಯದು ಎಂಬುದೂ ತಿಳಿಯದು.

ಶುಕ್ರವಾರ ಟ್ಯಾಂಕಿನ ಬಳಿ ಪ್ಲಾಸ್ಟಿಕ್ ಕುರ್ಚಿಗಳು, ಮೈಕು, ಮೇಜಿನ ಮೇಲೆ ಸೋಪಿನ ಪೆಟ್ಟಿಗೆಗಳು. ಫಾರಂ ಸಾಹೇಬರು ಮಾತಾಡಿದರು. ಜನರಲ್ಲಿ ಪ್ರೇರಣೆ ಕಡಿಮೆಯಾಗಿದೆ ಎಂದರು. ಅದನ್ನು ಹೆಚ್ಚಿಸಲು ಇನ್ನು ಪ್ರತಿ ತಿಂಗಳು ಚೆನ್ನಾಗಿ ಕಸ ವಿಂಗಡಿಸಿದ ಮನೆಗೆ ಒಂದು ಸೋಪು ಎಂದರು.

“ನಮ್ಮ ಮೈ ವಾಸನೆ ಅಲ್ಲಿವರೆಗೂ ಹೋಗಿದ್ಯಾ?” ಎಂದು ಮೂಲೆಮನೆ ಅಜ್ಜಿ ಪಕ್ಕದವಳನ್ನು ಜೋರಾಗಿಯೇ ಕೇಳಿದಳು. ಹಿಂದಿನ ಸಾಲು ನಕ್ಕಿತು.

ಗಂಟಕ್ಕ ನಗಲಿಲ್ಲ. ಎದ್ದು ಮುಂದೆ ಹೋಗಿ, ತಂದಿದ್ದ ಹಸಿರು ಚೀಲವನ್ನು ಸೋಪುಗಳ ಪಕ್ಕದಲ್ಲಿ ಇಟ್ಟಳು. ಬಾಯಿಗೆ ಎರಡು ಗಂಟು.

“ಬಿಚ್ಚಿ ಕೈ ಹಾಕಿ ಸಾರ್.”

“ಏನಮ್ಮ ಇದು?”

“ನಿಮ್ಮದೇ ಚೀಲ. ಕೈ ಹಾಕಿ.”

“ಒಳಗೆ ಏನಿದೆ?”

“ನಮ್ಮ ಹೆಂಗಸ್ರು ಯಾರನ್ನ ಕೇಳ್ತಾರೆ ಸಾರ್, ಒಳಗೆ ಏನಿದೆ ಅಂತ? ಮೊದಲು ಗಂಟು ಹೇಳ್ತಿತ್ತು. ನಿಮ್ಮ ದಾರ ಅದರ ಬಾಯಿ ಮುಚ್ಚಿಸ್ತು.”

ಸಾಹೇಬರು ಸುತ್ತ ನೋಡಿದರು. ಮೈಕು ಗುಂಯ್ ಎಂದಿತು. “ಸಿಬ್ಬಂದಿಗೆ ಕೈಗವಸು ಕೊಟ್ಟಿದ್ದೀವಲ್ಲಮ್ಮ,” ಎಂದರು.

ತಂಗಿ ಕೂತಲ್ಲಿಂದಲೇ ಎದ್ದು ಸೊಂಟಕ್ಕೆ ಸಿಕ್ಕಿಸಿದ್ದ ಕೈಗವಸನ್ನು ತೆಗೆದು ಹಾಕಿಕೊಂಡು ತೋರಿಸಿದಳು. ಯಾರೋ ದೈತ್ಯನ ಅಳತೆಯದು. ಹೆಬ್ಬೆರಳಿನ ಜಾಗದಲ್ಲಿ ತೂತು. ಮಡಚದ ಎರಡು ಬೆರಳಿನ ಮೇಲೆ ಅದು ನಿಲ್ಲದೆ ಜಾರಿತು. ಅವಳು ಅದನ್ನು ಕಳಚಿ ಕೂತಳು.

“ಬಟ್ಟೆ ಗಂಟು ಹಾಕೋಕೆ ಬಿಡಿ ಸಾರ್, ಇಷ್ಟೇ ಕೇಳ್ತಿರೋದು,” ಎಂದಳು ಗಂಟಕ್ಕ. “ಸೋಪು ಬೇಡ. ಚೀಲ ಬೇಡ. ನಾಳೆ ನನ್ನ ತಂಗಿ ಮೊದಲನೇ ಜಾಗದಲ್ಲಿ ನಿಲ್ತಾಳೆ. ಅವಳಿಗೆ ಗಟ್ಟಿಯಾಗಿರೋದು ಒಂದೇ ಕೈ.”

“ನಿಯಮ ನಾನು ಮಾಡಿದ್ದಲ್ಲಮ್ಮ. ಮುಂದಿನ ಸಮಿತಿ ಸಭೆಗೆ ಬರೆದು ಕಳಿಸ್ತೀನಿ. ಮೂರು ತಿಂಗಳಲ್ಲಿ ಒಂದು ತೀರ್ಮಾನ ಆಗುತ್ತೆ.”

“ಹಾಗಾದ್ರೆ ಆ ಮೂರು ತಿಂಗಳು ಬೆಲ್ಟಿನ ಹತ್ರ ನೀವು ನಿಂತ್ಕೊಳ್ಳಿ.”

ಸಾಹೇಬರು ಚೀಲಕ್ಕೆ ಕೈ ಹಾಕಲಿಲ್ಲ. ಗಂಟಕ್ಕ ತಾನೇ ಬಿಚ್ಚಿ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಉದುರಿದ್ದು ಬರೀ ತುಂಡು ಬಟ್ಟೆ. ನೀಲಿ, ಬೂದಿ, ಶಾಲೆಯ ಸಮವಸ್ತ್ರದ ಕಂದು. ಸಾಹೇಬರ ಮುಖ ಕೆಂಪಾಯಿತು. ಸಭೆ ಒಬ್ಬೊಬ್ಬರಾಗಿ ಎದ್ದು ಬಂದು ಮೇಜಿನಿಂದ ಒಂದೊಂದು ತುಂಡು ಎತ್ತಿಕೊಂಡು ಮನೆಗೆ ನಡೆಯಿತು. ಸೋಪಿನ ಪೆಟ್ಟಿಗೆಗಳು ಹಾಗೆಯೇ ಉಳಿದವು.

ತಂಗಿ ಮಾತ್ರ ಮನೆಗೆ ಹೋಗದೆ ಸೀದಾ ಶೆಡ್ಡಿಗೆ ಹೋಗಿ ಮೇಸ್ತ್ರಿಯನ್ನು ಕೇಳಿ ಬಂದಳು. “ಲಾರಿ ಬಿಟ್ಟು ನಾವೇ ಹೊತ್ತು ತಂದ್ರೆ ತಗೋತೀರಾ?” ಅವನು ತಲೆ ಕೆರೆದುಕೊಂಡನಂತೆ. “ಹೊತ್ಕೊಂಡು ಬಂದಿದ್ದನ್ನ ತಗೋಬಾರದು ಅಂತ ನನಗೆ ಯಾರೂ ಬರೆದು ಕೊಟ್ಟಿಲ್ಲ. ಏಳರೊಳಗೆ ಬರಬೇಕು. ಏಳಾದ್ಮೇಲೆ ಬೇರೆ ಬೀದಿಗಳ ಲಾರಿ ಚೀಲವೇ ಬೆಲ್ಟಿಗೆ ಹತ್ತೋದು,” ಎಂದನಂತೆ.

ಶನಿವಾರ ಬೆಳಿಗ್ಗೆ ಲಾರಿ ಬಂದಾಗ ಮನೆಗಳ ಮುಂದೆ ಹಸಿರು ಚೀಲಗಳು ಮಡಚಿಟ್ಟ ಹಾಗೇ ಬಿದ್ದಿದ್ದವು. ಲಾರಿಯವನು ಕೆಳಗಿಳಿದು ಎರಡು ಚೀಲ ಎತ್ತಿ ನೋಡಿದ. ಖಾಲಿ.

“ಏನ್ರಮ್ಮ, ಇವತ್ತು ಯಾರ ಮನೇಲೂ ಒಲೆ ಹಚ್ಚಿಲ್ವಾ? ಕಸ ಎಲ್ಲಿ?”

“ಹೋಗ್ತಾ ಇದೆಯಲ್ಲಪ್ಪ, ನಡ್ಕೊಂಡು,” ಎಂದಳು ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬಳು.

ಬುಟ್ಟಿ, ಬಕೆಟ್ಟು, ಹಳೆಯ ಪೆಟ್ಟಿಗೆ, ಸೈಕಲ್ಲಿನ ಹಿಂದೆ ಕಟ್ಟಿದ ಗೋಣಿ. ಬೀದಿಗೆ ಬೀದಿಯೇ ಮೋರಿಯ ಸೇತುವೆಯ ಕಡೆ ಸಾಗಿತ್ತು. ಗಂಟಕ್ಕನ ಎರಡೂ ಕೈಯಲ್ಲಿ ಬಕೆಟ್ಟು, ಅವುಗಳ ತುಂಬ ಎರಡು ಗಂಟಿನ ಬಟ್ಟೆ ಪೊಟ್ಟಣ. ಲಾರಿಯವನು ಫೋನು ಮಾಡಿರಬೇಕು. ಸೇತುವೆಯ ಬಳಿ ಫಾರಂ ಸಾಹೇಬರು ಸ್ಕೂಟರು ನಿಲ್ಲಿಸಿ ಅಡ್ಡ ಬಂದರು. ಇವತ್ತು ಅಂಗಿಗೆ ಇಸ್ತ್ರಿ ಇರಲಿಲ್ಲ.

“ಒಂದು ನಿಮಿಷ ನಿಲ್ಲಿ. ನೀವೇ ಮುಂದಾಳು ಅಂತ ಗೊತ್ತು. ಇದು ನಿಯಮಕ್ಕೆ ವಿರುದ್ಧ. ನನ್ನ ಮೇಲೂ ಕೇಳೋರಿದ್ದಾರಮ್ಮ. ಕೂತು ಮಾತಾಡೋಣ, ನಿಮ್ಮ ಬೇಡಿಕೆ ಏನು ಅಂತ ಬರ್ಕೊಳ್ತೀನಿ.”

ಗಂಟಕ್ಕ ಬಕೆಟ್ಟುಗಳನ್ನು ಕೆಳಗಿಡಲಿಲ್ಲ. ಅವರ ಕೈಯಲ್ಲಿನ ಗಡಿಯಾರದ ಕಡೆ ಬಗ್ಗಿ ನೋಡಿದಳು. ಏಳಕ್ಕೆ ಎಂಟು ನಿಮಿಷ.

“ಬರ್ಕೊಳ್ಳೋದಿದ್ರೆ ಜತೆಗೆ ನಡೀತಾ ಬರ್ಕೊಳ್ಳಿ ಸಾರ್. ಅವಳು ಆಗಲೇ ಬೆಲ್ಟಿನ ಮುಂದೆ ನಿಂತಿರ್ತಾಳೆ, ನಾನು ಹೋಗೋದು ತಡ ಆದ್ರೆ ಆ ಲಾರಿ ಚೀಲಕ್ಕೆ ಕೈ ಹಾಕ್ತಾಳೆ, ಅದಕ್ಕೇ ನಾನು ಈಗ...” ಎನ್ನುತ್ತ, ಅವರ ಪಕ್ಕದಿಂದ ದಾಟಿ ಸೇತುವೆ ಹತ್ತಿದಳು.